ರೊಟ್ಟಿಯ ಸಪ್ಪಳ

ಅವ್ವನ ಮಾತನ್ನು ನಾನು ಮೊದಲ ಸಲ ಬೇಕೆಂದೇ ತಪ್ಪಾಗಿ ಮರಾಠಿಗೆ ಮಾಡಿ ಹೇಳಿದ್ದು ಡೊಂಬಿವಲಿಯ ಒಂದು ಮಕ್ಕಳ ದವಾಖಾನೆಯಲ್ಲಿ. ಆಗ ನನಗೆ ಹನ್ನೊಂದು ವರ್ಷ. ತೊಂಬತ್ತರ ದಶಕದ ನಡುವಿನ ಮಾತು.

ಅದಕ್ಕೆ ಎರಡು ವರ್ಷ ಮೊದಲು ನಾವು ಬಿಜಾಪುರದ ಕಡೆಯಿಂದ ಬಂದು ಠಾಕುರ್ಲಿಯ ಸಾಲುಮನೆಗಳ ಚಾಳೊಂದರಲ್ಲಿ ಒಂದೇ ಕೋಣೆಯ ಖೋಲಿ ಹಿಡಿದಿದ್ದೆವು. ಅಪ್ಪ ನವಿ ಮುಂಬೈಯ ಮಾರ್ಕೆಟ್ಟಿನಲ್ಲಿ ಉಳ್ಳಾಗಡ್ಡಿ ಚೀಲ ಹೊರುತ್ತಿದ್ದ. ವಾರವಿಡೀ ಅಲ್ಲೇ ಇದ್ದು ರವಿವಾರ ಮಾತ್ರ ಮನೆಗೆ ಬರುತ್ತಿದ್ದ. ಅವ್ವ ಡೊಂಬಿವಲಿ ಸ್ಟೇಷನ್ ಹತ್ತಿರ ನಮ್ಮ ಕಡೆಯವರೇ ನಡೆಸುತ್ತಿದ್ದ ಖಾನಾವಳಿಯಲ್ಲಿ ಜೋಳದ ರೊಟ್ಟಿ ಬಡಿಯಲು ಹೋಗುತ್ತಿದ್ದಳು. ಮುಂಜಾನೆ ಎಂಟಕ್ಕೆ ಹೋದರೆ ಬರುವುದು ಸಂಜೆ ಐದರ ಮೇಲೆ. ನನ್ನ ಶಾಲೆ ಹನ್ನೆರಡೂವರೆಗೆ ಬಿಡುತ್ತಿತ್ತು. ಅಲ್ಲಿಂದ ಅವ್ವ ಬರುವ ತನಕ ಖೋಲಿಯಲ್ಲಿ ನಾನೊಬ್ಬಳೇ.

ಊರಲ್ಲಿ ನಾಲ್ಕನೆಯ ತರಗತಿಗೆ ಬಂದವಳನ್ನು ಇಲ್ಲಿ ಮರಾಠಿ ಶಾಲೆಯಲ್ಲಿ ಮತ್ತೆ ಮೂರನೆಯದಕ್ಕೆ ಕೂಡಿಸಿದ್ದರು. ಮೊದಲ ಆರು ತಿಂಗಳು ನಾನು ಬಾಯಿಯನ್ನೇ ಬಿಡಲಿಲ್ಲ. ಆಮೇಲೆ ಮರಾಠಿ ಬಂತು, ಅದರ ಹಿಂದೆ ಹಿಂದಿಯೂ ಬಂತು. ರೇಷನ್ ಅಂಗಡಿಯಲ್ಲಿ, ಸ್ಟೇಷನ್ನಿನ ಟಿಕೀಟು ಖಿಡಕಿಯಲ್ಲಿ, ಚಾಳಿನ ಮಾಲಕನ ಮುಂದೆ, ಎಲ್ಲ ಕಡೆ ಅವ್ವನ ಪರವಾಗಿ ಮಾತಾಡುವವಳು ನಾನೇ ಆದೆ. ಅವ್ವನಿಗೆ ಕನ್ನಡ ಬಿಟ್ಟರೆ ಬೇರೆ ಗೊತ್ತಿರಲಿಲ್ಲ.

ಐದನೆಯದರಲ್ಲಿದ್ದಾಗ ಒಂದು ದಿನ ಶಾಲೆಗೆ ತೂಕದ ಯಂತ್ರ ತಂದರು. ಒಬ್ಬೊಬ್ಬರನ್ನೇ ನಿಲ್ಲಿಸಿ ತೂಕವನ್ನು ಜೋರಾಗಿ ಓದಿ ಹೇಳಿದರು. ನನ್ನ ತೂಕ ಕೇಳಿ ಹಿಂದಿನ ಬೆಂಚಿನಿಂದ ಮುಂದಿನ ಬೆಂಚಿನ ತನಕ ಎಲ್ಲರೂ ನಕ್ಕರು. ಬರೆದುಕೊಳ್ಳುತ್ತಿದ್ದ ಶಿಕ್ಷಕಿ ಬಾಯಿಯೂ ತುಟಿ ಬಿಗಿಹಿಡಿದು ನಗು ತಡೆದುಕೊಂಡಳು. ಮರುದಿನದಿಂದ ಶಾಲೆಗೆ ಕಟ್ಟಿಕೊಂಡು ಹೋದ ಬುತ್ತಿಯನ್ನು ನಾನು ತಿನ್ನಲಿಲ್ಲ, ಪಕ್ಕದವಳಿಗೆ ಕೊಟ್ಟುಬಿಡುತ್ತಿದ್ದೆ. ಅದೇ ಹೊತ್ತಿಗೆ ಚಾಳಿನ ಹೆಂಗಸರು ಅವ್ವನಿಗೆ ಕೈಸನ್ನೆ ಮಾಡಿ, ಹುಡುಗಿ ದಪ್ಪ ಆಗುತ್ತಿದ್ದಾಳೆ, ಊಟ ಕಡಿಮೆ ಮಾಡು ಎಂದಿದ್ದರು. ಅವ್ವ ಮುಂಜಾನೆ ಎರಡು ರೊಟ್ಟಿ ಹಾಕುವ ಕಡೆ ಒಂದು ಹಾಕತೊಡಗಿದಳು. ಹನ್ನೆರಡೂವರೆಯ ತನಕ ನನಗೂ ಅದರಲ್ಲಿ ಏನೋ ಹೆಮ್ಮೆಯಿರುತ್ತಿತ್ತು. ಖೋಲಿಯ ಬೀಗ ತೆಗೆದು ಒಳಗೆ ಬಂದ ಮೇಲೆ ಆ ಹೆಮ್ಮೆ ಎಲ್ಲಿ ಹೋಗುತ್ತಿತ್ತೋ ತಿಳಿಯದು.

ನಮ್ಮ ಮನೆಯಲ್ಲಿ ಖಡಕ್ ರೊಟ್ಟಿಯ ಬುಟ್ಟಿ ಎಂದೂ ಬರಿದಾಗಿ ಇರುತ್ತಿರಲಿಲ್ಲ. ರವಿವಾರ ಬಡಿದು, ಒಣಗಿಸಿ, ಬಿಳಿ ಅರಿವೆಯಲ್ಲಿ ಸುತ್ತಿ ಇಡುತ್ತಿದ್ದಳು ಅವ್ವ. ಒಂದೇ ಒಂದು ತಿನ್ನುತ್ತೇನೆ ಎಂದು ನಾನು ಕೈ ಹಾಕುತ್ತಿದ್ದೆ. ಮೊದಲಿನದಕ್ಕೆ ಶೇಂಗಾ ಹಿಂಡಿ ಹಚ್ಚಿಕೊಳ್ಳುತ್ತಿದ್ದೆ, ಎರಡನೆಯದಕ್ಕೆ ಎಣ್ಣೆ. ಆಮೇಲಿನವುಗಳಿಗೆ ಏನೂ ಬೇಕಿರಲಿಲ್ಲ. ನಿಂತೇ ತಿನ್ನುತ್ತಿದ್ದೆ, ಅಗಿಯುವ ಮೊದಲೇ ಇನ್ನೊಂದು ತುತ್ತು ಬಾಯಿಗೆ ಹೋಗುತ್ತಿತ್ತು. ರುಚಿ ತಿಳಿಯುತ್ತಿರಲಿಲ್ಲ. ಸಾಕು ಎಂದು ನನಗೇ ನಾನು ಹೇಳಿಕೊಳ್ಳುತ್ತಿದ್ದೆ, ಹೇಳಿಕೊಳ್ಳುತ್ತಲೇ ಮತ್ತೊಂದಕ್ಕೆ ಕೈ ಹಾಕುತ್ತಿದ್ದೆ. ಬಗ್ಗಲು ಆಗದಷ್ಟು ಹೊಟ್ಟೆ ಬಿಗಿದ ಮೇಲೆಯೇ ಅದು ನಿಲ್ಲುತ್ತಿತ್ತು. ಆಮೇಲೆ ಗೋಡೆಗೆ ಮುಖ ಮಾಡಿ ಮಲಗಿಬಿಡುತ್ತಿದ್ದೆ.

ಖಡಕ್ ರೊಟ್ಟಿ ಮುರಿದರೆ ಕಟಕ್ ಎಂದು ಸಪ್ಪಳವಾಗುತ್ತದೆ. ನಮಗೂ ಪಕ್ಕದ ಖೋಲಿಗೂ ನಡುವೆ ಇದ್ದದ್ದು ಬರೀ ತಗಡು. ಒಂದು ರೊಟ್ಟಿಯ ಸಪ್ಪಳ ಕೇಳಿದರೆ ಹುಡುಗಿ ಊಟ ಮಾಡುತ್ತಿದ್ದಾಳೆ ಎಂದುಕೊಂಡಾರು, ಹತ್ತರ ಸಪ್ಪಳ ಕೇಳಿದರೆ? ಅದಕ್ಕೆ ನಾನೊಂದು ಉಪಾಯ ಮಾಡಿಕೊಂಡಿದ್ದೆ. ಗಂಗಾಳದಲ್ಲಿ ನೀರು ಹಾಕಿ, ರೊಟ್ಟಿಗಳನ್ನು ಅದರಲ್ಲಿ ಅದ್ದಿ ಮೆತ್ತಗೆ ಮಾಡಿ ತಿನ್ನುತ್ತಿದ್ದೆ. ತಿಂದಾದ ಮೇಲೆ ಗಂಗಾಳ ತಿಕ್ಕಿ ತೊಳೆದು ಅದರ ಜಾಗದಲ್ಲೇ ಬೋರಲು ಇಡುತ್ತಿದ್ದೆ. ಬುಟ್ಟಿಯ ತಳಕ್ಕೆ ಹಳೆಯ ಸೀರೆಯೊಂದನ್ನು ಮಡಚಿ ಹಾಕಿ, ಉಳಿದ ರೊಟ್ಟಿಗಳನ್ನು ಮೇಲೆ ಜೋಡಿಸಿ ಬುಟ್ಟಿ ತುಂಬಿದಂತೆ ಕಾಣುವ ಹಾಗೆ ಮಾಡುತ್ತಿದ್ದೆ. ಯಾರಿಗೂ ಗೊತ್ತಿಲ್ಲ ಎಂದೇ ನಂಬಿದ್ದೆ.

ಮೈ ಮಾತ್ರ ಎಲ್ಲರಿಗೂ ಕಾಣುತ್ತಿತ್ತು. ಚಾಳಿನ ಒಬ್ಬಳು ಜಂತುಹುಳ ಎಂದಳು, ಅದನ್ನು ಅವ್ವನಿಗೆ ಕನ್ನಡದಲ್ಲಿ ಹೇಳಿದವಳೂ ನಾನೇ. ಅವ್ವ ಗುಳಿಗೆ ನುಂಗಿಸಿದಳು. ಇನ್ನೊಬ್ಬಳು ದೃಷ್ಟಿ ಎಂದಳು. ಅವ್ವ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಅಪ್ಪ ರವಿವಾರ ಬಂದಾಗ, "ಬೆಳಿಯೋ ಕೂಸು, ತಿನ್ಲಿ ಬಿಡ" ಎಂದ. ನಾನು ಮಾತ್ರ ನನಗೆ ನಾನೇ ಒಂದು ಹೆಸರು ಇಟ್ಟುಕೊಂಡಿದ್ದೆ: ಕಳ್ಳಿ. ನಮ್ಮದೇ ಮನೆಯ ರೊಟ್ಟಿ ಕದಿಯುವ ಕಳ್ಳಿ.

ದೀಪಾವಳಿ ಸೂಟಿ ಮುಗಿದು ಶಾಲೆ ಮತ್ತೆ ಶುರುವಾದ ವಾರ. ಅವ್ವ ಸಂಜೆ ಮನೆಗೆ ಬಂದಾಗ ನಾನು ಹೊಟ್ಟೆ ಹಿಡಿದುಕೊಂಡು ನೆಲದ ಮೇಲೆ ಮುದುಡಿ ಬಿದ್ದಿದ್ದೆ. ನೆನೆದ ರೊಟ್ಟಿ ಹೊಟ್ಟೆಯಲ್ಲಿ ಉಬ್ಬಿತ್ತೋ ಏನೋ, ಉಸಿರೆಳೆದರೂ ನೋಯುತ್ತಿತ್ತು. ಅವ್ವ ಬುಟ್ಟಿಯತ್ತ ಒಮ್ಮೆ ಹೋಗಿಬಂದು, ಕೈಯ ಹಿಟ್ಟನ್ನೂ ತೊಳೆಯದೆ ನನ್ನನ್ನು ಎಬ್ಬಿಸಿ, ಒಂದು ಸ್ಟೇಷನ್ ದೂರದ ಡೊಂಬಿವಲಿಗೆ ಕರೆದುಕೊಂಡು ಹೋದಳು. ಖಾನಾವಳಿಯ ಓಣಿಯಲ್ಲಿ ಮಕ್ಕಳನ್ನು ನೋಡುವ ಡಾಕ್ಟರ್ ಬಾಯಿಯೊಬ್ಬರು ಸಂಜೆ ಕೂಡುತ್ತಿದ್ದರು.

ಐವತ್ತರ ಆಸುಪಾಸಿನ ಮರಾಠಿ ಹೆಂಗಸು. ಹತ್ತಿ ಸೀರೆ, ಗಂಡಸರ ಕೈಗಡಿಯಾರ. ನನ್ನನ್ನು ಮಲಗಿಸಿ ಹೊಟ್ಟೆ ಒತ್ತಿ ನೋಡಿದರು, ನಾಲಿಗೆ ನೋಡಿದರು, ಕಣ್ಣಿನ ರೆಪ್ಪೆ ಎತ್ತಿ ನೋಡಿದರು. ಏನು ತಿಂದೆ ಎಂದು ಕೇಳಿದರು. ಎರಡು ರೊಟ್ಟಿ ಎಂದೆ. "ಅವ್ವನನ್ನ ಕೇಳು" ಎಂದರು. ನಾನು ಅವ್ವನ ಕಡೆ ತಿರುಗಿ, ಇವತ್ತು ನಾನು ಏನು ತಿಂದೆ ಎಂದು ಕೇಳುತ್ತಿದ್ದಾರೆ ಎಂದೆ.

ಅವ್ವ ಡಾಕ್ಟರ್ ಬಾಯಿಯನ್ನೇ ನೋಡುತ್ತ ಹೇಳಿದಳು: "ಮುಂಜಾನಿ ಒಂದ ರೊಟ್ಟಿ ಉಂಡಾಳ, ಶಾಲಿಗೆ ಒಂದ ಕಟ್ಟಿದ್ದೆ ಅಂತ ಹೇಳ. ಆದ್ರ ನಿನ್ನಿ ಬುಟ್ಟ್ಯಾಗ ಇಪ್ಪತ್ತೆರಡ ರೊಟ್ಟಿ ಇದ್ದು, ಈಗ ಒಂಬತ್ತ ಉಳದಾವು ಅಂತ ಹೇಳ. ಹಿಂಗ ಆಗಾಕತ್ತಿ ಭಾಳ ದಿನಾ ಆತು ಅಂತ ಹೇಳ. ನನಗ ಅಂಜಿಕಿ ಬರಾಕತ್ತೈತಿ ಅಂತ ಹೇಳ."

ಅವ್ವನಿಗೆ ಗೊತ್ತಿತ್ತು! ಆ ಬುಟ್ಟಿಯನ್ನು ದಿನವೂ ಎಣಿಸುತ್ತಿದ್ದಳು. ಒಂದು ಮಾತೂ ಆಡದೆ ಇಷ್ಟು ದಿನ ನನ್ನ ಪಕ್ಕದಲ್ಲೇ ಮಲಗಿ ಏಳುತ್ತಿದ್ದಳು. ಈಗ ಅದನ್ನೆಲ್ಲ ನನ್ನ ಬಾಯಿಂದಲೇ ಹೇಳಿಸಬೇಕಾಗಿತ್ತು ಅವಳಿಗೆ, ಬೇರೆ ದಾರಿಯೇ ಇರಲಿಲ್ಲ. ನಾನು ಡಾಕ್ಟರ್ ಬಾಯಿಯ ಕಡೆ ತಿರುಗಿ ಮರಾಠಿಯಲ್ಲಿ ಹೇಳಿದೆ: "ಎರಡೇ ರೊಟ್ಟಿ ಅಂತಿದ್ದಾಳೆ."

ಅವರು ಪೆನ್ನು ಕೆಳಗಿಟ್ಟರು.

"ನಿನ್ನ ಅವ್ವ ಇಷ್ಟು ಹೊತ್ತು ಮಾತಾಡಿದ್ದು ಎರಡು ರೊಟ್ಟಿಯ ಬಗ್ಗೆಯೇನು?"

ನಾನು ಹೌದೆಂದು ತಲೆಯಾಡಿಸಿದೆ.

"ನನಗೆ ಕನ್ನಡ ಬರೋದಿಲ್ಲ. ಆದರೆ ಒಂದೇ ಮಾತನ್ನ ಮತ್ತೆ ಮತ್ತೆ ಹೇಳಿದರು. 'ಅಂತ ಹೇಳ, ಅಂತ ಹೇಳ.' ಅದರ ಅರ್ಥ ಏನು?"

ಅವ್ವನ ಧ್ವನಿಯಲ್ಲಿದ್ದ ಎಳೆತವನ್ನೂ ಬಿಡದೆ, ಇದ್ದ ಹಾಗೇ ಹೇಳಿದರು ಅವರು. ಕನ್ನಡ ಗೊತ್ತಿಲ್ಲದವರು ಅವ್ವನ ಕನ್ನಡದ ಬಗ್ಗೆ ನಾನು ಹೇಳಿದ ಸುಳ್ಳನ್ನು ಹಿಡಿದಿದ್ದರು. ಶಾಲೆಯಲ್ಲಿ ನನಗೆ ಮರಾಠಿ ಕಲಿಸಿದವರು ಕೂಡ ನನ್ನ ಮಾತನ್ನು ಅಷ್ಟು ಗಮನವಿಟ್ಟು ಕೇಳಿರಲಿಲ್ಲ. ಬೈಯುತ್ತಾರೆ ಎಂದುಕೊಂಡೆ. ಅವರು ಬೈಯಲಿಲ್ಲ. "ಮಗಾ, ಈ ಕೆಲಸದಿಂದ ನಿನಗೆ ಇವತ್ತು ಸೂಟಿ. ಇಲ್ಲಿ ನೀನು ಪೇಷಂಟ್, ಅಷ್ಟೇ" ಎಂದು ಬಾಗಿಲಿನ ಹೊರಗೆ ಯಾರನ್ನೋ ಕರೆದರು.

ದವಾಖಾನೆಯ ಕಸ ಹೊಡೆದು ನೆಲ ಒರೆಸುವ ಹೆಂಗಸು ಒಳಗೆ ಬಂದಳು. ಕಲಬುರ್ಗಿಯ ಕಡೆಯವಳು, ಅವ್ವನಿಗಿಂತ ದೊಡ್ಡವಳು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಬಾಗಿಲ ಬಳಿ ನೆಲಕ್ಕೆ ಕೂಡಲು ಹೋದಳು. ಡಾಕ್ಟರ್ ಬಾಯಿ ತಾವೇ ಒಂದು ಕುರ್ಚಿ ಎಳೆದು, ಅವ್ವನ ಪಕ್ಕಕ್ಕಿಟ್ಟು ಕೂಡಿಸಿದರು.

"ಹೇಳ ತಂಗಿ, ಏನಾಗ್ಯಾದ ಕೂಸಿಗಿ?" ಎಂದಳು ಆಕೆ.

ಎರಡು ವರ್ಷದಲ್ಲಿ ಊರಿನವರಲ್ಲದವರ ಮುಂದೆ ಅವ್ವ ಅಷ್ಟು ಮಾತಾಡಿದ್ದನ್ನು ನಾನು ನೋಡಿರಲಿಲ್ಲ. ರೊಟ್ಟಿಯ ಲೆಕ್ಕವನ್ನು ಮತ್ತೆ ಹೇಳಿದಳು. ಬುಟ್ಟಿಯ ತಳದ ಸೀರೆಯ ಸಂಗತಿ ಹೇಳಿದಳು. "ನೀರಾಗ ನೆನಿಸಿ ತಿಂತಾಳಬೇ ಯಕ್ಕಾ, ಸಪ್ಪಳ ಆಗಬಾರ್ದಂತ. ಗಂಗಾಳ ತಿಕ್ಕಿ ಇಟ್ಟಿರ್ತಾಳ. ನಾ ಹೋಗೂ ಮುಂದ ಅದು ಒಣಾನ ಇರ್ತೈತಿ, ಬಂದ್ರ ಹಸೀ ಇರ್ತೈತಿ. ಕೇಳಿದ್ರ ಕೂಸು ಎಲ್ಲಿ ಮಾರಿ ಮುಚ್ಚಿಕೊಂತೈತೋ ಅಂತ ಕೇಳಲಿಲ್ಲ ನಾ."

ನಾನು ಮುಖವನ್ನು ಮಂಡಿಯ ನಡುವೆ ಹುದುಗಿಸಿಬಿಟ್ಟೆ. ಅಷ್ಟು ಜಾಣತನದಿಂದ ಮುಚ್ಚಿಟ್ಟದ್ದನ್ನೆಲ್ಲ ಆ ಒಂದು ಹಸಿ ಗಂಗಾಳದಿಂದ ಓದಿದ್ದಳು ಅಕ್ಷರ ಬಾರದ ನನ್ನ ಅವ್ವ.

ಆಮೇಲೆ ಡಾಕ್ಟರ್ ಬಾಯಿ ಅವರಿಬ್ಬರನ್ನೂ ಸ್ವಲ್ಪ ಹೊತ್ತು ಹೊರಗೆ ಕೂಡಿರಿ ಎಂದು ಕಳಿಸಿ, ತಮ್ಮ ಕುರ್ಚಿಯನ್ನು ಮೇಜಿನ ಈ ಕಡೆ ತಂದುಕೊಂಡರು. ಒಂದೊಂದಾಗಿ ಕೇಳಿದರು. ಹಸಿವಾಗದೆ ಇದ್ದಾಗಲೂ ತಿನ್ನುತ್ತೀಯಾ? ಬೇರೆ ಹೊತ್ತಿನಲ್ಲಿ ತಿನ್ನುವುದಕ್ಕಿಂತ ಆಗ ಬೇಗ ಬೇಗ ತಿನ್ನುತ್ತೀಯಾ? ನಿಲ್ಲಿಸಬೇಕು ಎಂದುಕೊಂಡರೆ ನಿಲ್ಲಿಸಲು ಆಗುತ್ತದೆಯಾ? ಯಾರಾದರೂ ಇದ್ದಾಗ ತಿನ್ನುತ್ತೀಯಾ, ಒಬ್ಬಳೇ ಇದ್ದಾಗ ಮಾತ್ರವಾ? ತಿಂದಾದ ಮೇಲೆ ಹೇಗನ್ನಿಸುತ್ತದೆ? ಬೇಕೆಂದೇ ವಾಂತಿ ಮಾಡಿಕೊಳ್ಳುತ್ತೀಯಾ? ವಾರದಲ್ಲಿ ಎಷ್ಟು ದಿನ ಹೀಗಾಗುತ್ತದೆ, ಯಾವಾಗಿನಿಂದ?

ಒಂದೊಂದು ಪ್ರಶ್ನೆ ಕೇಳಿದಾಗಲೂ ನಾನು ಬಿಟ್ಟ ಕಣ್ಣು ಬಿಟ್ಟಂತೆ ಅವರನ್ನೇ ನೋಡುತ್ತಿದ್ದೆ. ಬೀಗ ಹಾಕಿದ ಖೋಲಿಯೊಳಗೆ ನಾನೊಬ್ಬಳೇ ಮಾಡುತ್ತಿದ್ದದ್ದು ಇವರಿಗೆ ಹೇಗೆ ಗೊತ್ತು? ಲೋಕದಲ್ಲಿ ಇಂಥದ್ದನ್ನು ಮಾಡುವವಳು ನಾನೊಬ್ಬಳೇ ಎಂದು ತಿಳಿದಿದ್ದೆ. ಇವರು ಕೇಳುವ ರೀತಿ ನೋಡಿದರೆ ಈ ಪ್ರಶ್ನೆಗಳನ್ನು ಮೊದಲೇ ಯಾರೋ ಯಾರಿಗೋ ಕೇಳಿದ್ದರು, ಯಾರೋ ಹೌದು ಎಂದಿದ್ದರು. ಅಂದರೆ ಎಲ್ಲೋ ಇನ್ನೊಂದು ಮನೆಯಲ್ಲಿ ಇನ್ನೊಂದು ಮಗು ಇತ್ತು. ಆ ಯೋಚನೆಗೇ ನನಗೆ ಅಳು ಬಂತು. ಅವರು ಅಳಲು ಬಿಟ್ಟು, ನಾನು ಸುಮ್ಮನಾದ ಮೇಲೆ ಮುಂದಿನ ಪ್ರಶ್ನೆ ಕೇಳಿದರು. ಶಾಲೆಯ ಬುತ್ತಿಯನ್ನು ಏನು ಮಾಡುತ್ತೀ ಎಂದು ಕೇಳಿದಾಗ ತೂಕದ ಯಂತ್ರದ ಕತೆಯೂ ಹೊರಗೆ ಬಂತು.

ಅಂದೇ ಅವರು ಯಾವ ಹೆಸರನ್ನೂ ಇಡಲಿಲ್ಲ. ರಕ್ತ, ಮಲ, ಮೂತ್ರ ಎಲ್ಲ ತಪಾಸಣೆಗೆ ಬರೆದುಕೊಟ್ಟರು. ಜಂತುಹುಳವಿದೆಯೋ, ಸಕ್ಕರೆ ಕಾಯಿಲೆಯೋ, ಗಂಟಲಿನ ಗ್ರಂಥಿಯ ತೊಂದರೆಯೋ ಎಂದು ಮೊದಲು ನೋಡಿಬಿಡೋಣ ಎಂದರು. ಹೊಟ್ಟೆನೋವಿಗೆ ಔಷಧ ಕೊಟ್ಟು, ಮುಂದಿನ ಬುಧವಾರ ಬರಲು ಹೇಳಿದರು.

ಬುಧವಾರ ಕಾಗದಗಳೆಲ್ಲ ಬಂದಿದ್ದವು. ಎಲ್ಲ ಸರಿಯಾಗಿತ್ತು. ಅದನ್ನು ಕೇಳಿ ಅವ್ವನ ಮುಖ ಬಾಡಿತು. "ಹಂಗಾರ ರೋಗ ಇಲ್ಲೇನು? ಇದು ಚಟಾನ ಆತಲ್ಲ?" ಎಂದು ಕಲಬುರ್ಗಿಯ ದೊಡ್ಡವ್ವನನ್ನು ಕೇಳಿದಳು. ಅಷ್ಟರಲ್ಲಿ ನಾನು ಅವಳನ್ನು ಹಾಗೆ ಕರೆಯತೊಡಗಿದ್ದೆ.

ಡಾಕ್ಟರ್ ಬಾಯಿ ಅದಕ್ಕೆ ಉತ್ತರ ಕೊಟ್ಟರು. ಇದು ಚಟವಲ್ಲ, ಆಸೆಬುರುಕತನವಲ್ಲ, ಕಳ್ಳತನವಂತೂ ಅಲ್ಲ. ಇದೂ ಒಂದು ಕಾಯಿಲೆ. ಇದನ್ನು ಬಿಂಜ್ ಈಟಿಂಗ್ ಎನ್ನುತ್ತಾರೆ, ಡಾಕ್ಟರುಗಳ ಪುಸ್ತಕಗಳಲ್ಲೇ ಈ ಹೆಸರು ಈಗೀಗ ಬರುತ್ತಿದೆ. ಮಕ್ಕಳಲ್ಲಿ ಇದನ್ನು ಗುರುತಿಸುವುದು ಕಷ್ಟ, ಯಾಕೆಂದರೆ ಮಕ್ಕಳು ಮುಚ್ಚಿಡುತ್ತಾರೆ, ದೊಡ್ಡವರು ಹೊಟ್ಟೆಬಾಕತನ ಎಂದು ಬೈದು ಸುಮ್ಮನಾಗುತ್ತಾರೆ. ಹೀಗೆ ಮರಾಠಿಯಲ್ಲಿ ನಿಧಾನವಾಗಿ ಹೇಳಿ, ಈಗ ನೀನು ಹೇಳು ಎಂಬಂತೆ ದೊಡ್ಡವ್ವನ ಕಡೆ ನೋಡಿದರು.

ದೊಡ್ಡವ್ವ ತನ್ನ ಬಲಗೈಯನ್ನು ತಾನೇ ಒಮ್ಮೆ ನೋಡಿಕೊಂಡಳು. ಆಮೇಲೆ ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಹಿಡಿದುಕೊಂಡು ಅವ್ವನಿಗೆ ಹೇಳಿದಳು:

"ತಂಗಿ, ಇದು ಹೊಟ್ಟಿ ಹಸಿವಿ ಅಲ್ಲಂತ. ಈ ಕೈ ತಾನೇ ಹೊಂಟ ಹೋಗ್ತದಂತ. ಕೂಸು ಹಿಡ್ಯಾಕ ನೋಡ್ತದ, ಹಿಂಗ. ನಿಲ್ಲಂಗಿಲ್ಲ. ಕೈಯೇ ಗೆಲ್ತದ. ಆಮ್ಯಾಲ ಕೂಸೇ ಬೈಸಿಕೊಳ್ತದ. ಕೂಸಿನ ತಪ್ಪಿಲ್ಲಂತ ಹೇಳ್ಲಾಕತ್ತಾರ ಬಾಯಿ."

ನಾನು ಆ ಕೈಗಳನ್ನೇ ನೋಡುತ್ತಿದ್ದೆ. ಡಾಕ್ಟರ್ ಬಾಯಿ ಕೈಯ ವಿಷಯ ಹೇಳಿಯೇ ಇರಲಿಲ್ಲ. ಶಾಲೆಯ ಮೆಟ್ಟಿಲು ಹತ್ತದ, ನನ್ನನ್ನು ಹಿಂದೆ ಒಂದೇ ಸಲ ನೋಡಿದ ಆ ಹೆಂಗಸು ಇಂಗ್ಲಿಷಿನ ಆ ಹೆಸರಿಗೆ ತನ್ನ ಎರಡು ಕೈಗಳಿಂದ ಅರ್ಥ ಹೇಳಿದ್ದಳು. ಮಧ್ಯಾಹ್ನದ ಒಂದು ಗಂಟೆಗೆ ನನ್ನ ಖೋಲಿಯಲ್ಲಿ ನಡೆಯುತ್ತಿದ್ದದ್ದು ಅದೇ ಆಗಿತ್ತು. ಅವ್ವ ನನ್ನ ಬಲಗೈಯನ್ನು ಎತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡು, ಅದೇನೋ ಪೆಟ್ಟು ಬಿದ್ದ ಕೈಯೆಂಬಂತೆ ಸವರುತ್ತ ಕುಳಿತಳು.

ಡಾಕ್ಟರ್ ಬಾಯಿ ಹೇಳಿದ ಔಷಧ ನಮಗೆ ವಿಚಿತ್ರವಾಗಿ ಕಂಡಿತು. ಊಟ ಕಡಿಮೆ ಮಾಡಬಾರದು ಎಂದರು! ಮುಂಜಾನೆ ಮೊದಲಿನಂತೆ ಎರಡು ರೊಟ್ಟಿ, ಶಾಲೆಯಲ್ಲಿ ಬುತ್ತಿ, ಮಧ್ಯಾಹ್ನ ಹೊತ್ತಿಗೆ ಸರಿಯಾಗಿ ಊಟ, ಸಂಜೆ ಏನಾದರೂ ಸ್ವಲ್ಪ. ದಿನವಿಡೀ ಹಸಿದಿರುವ ಹೊಟ್ಟೆಯೇ ಮಧ್ಯಾಹ್ನ ಹಾಗೆ ಮುಗಿಬೀಳುತ್ತದೆ ಎಂದರು. ಬುಟ್ಟಿಗೆ ಬೀಗ ಬೇಡ. ದಪ್ಪ ಎಂಬ ಮಾತು ಮನೆಯಲ್ಲಿ ಯಾರೂ ಎತ್ತಬಾರದು. ಮಧ್ಯಾಹ್ನ ಒಬ್ಬಳನ್ನೇ ಬಿಡಬೇಡಿ, ಯಾರ ಜೊತೆಗಾದರೂ ಕೂತು ಉಣ್ಣಲಿ. ಪ್ರತಿ ಬುಧವಾರ ನನ್ನ ಹತ್ತಿರ ಬಂದು ಮಾತಾಡಲಿ.

ಮರುದಿನವೇ ಅವ್ವ ಖಾನಾವಳಿಯ ಮಾಲಕರನ್ನು ಕೇಳಿದಳು. ಅವರು ಒಪ್ಪಿದರು. ಶಾಲೆ ಬಿಟ್ಟ ಕೂಡಲೇ ನಾನು ನೇರವಾಗಿ ಡೊಂಬಿವಲಿಗೆ ಹೋಗತೊಡಗಿದೆ. ಅಡುಗೆಮನೆಯಲ್ಲಿ ಅವ್ವನ ಒಲೆಯ ಪಕ್ಕ ಮಣೆ ಹಾಕಿಕೊಂಡು ಕೂಡುತ್ತಿದ್ದೆ. ಬಿಸಿ ರೊಟ್ಟಿ, ಪಲ್ಯ, ಸಾರು. ಮೊದಮೊದಲು ಎಲ್ಲರೂ ನನ್ನ ತಾಟನ್ನೇ ನೋಡುತ್ತಿದ್ದಾರೆ ಎನ್ನಿಸಿ ಬಗ್ಗಿ ಅದನ್ನು ಮರೆ ಮಾಡಿಕೊಂಡು ಉಣ್ಣುತ್ತಿದ್ದೆ. ಯಾರೂ ನೋಡುತ್ತಿರಲಿಲ್ಲ. ಅಲ್ಲಿ ಬರುವವರೆಲ್ಲ ಗೌಂಡಿ ಕೆಲಸದವರು, ಹಮಾಲರು. ಮೂರು, ನಾಲ್ಕು ರೊಟ್ಟಿ ಸಲೀಸಾಗಿ ಉಂಡು ಏಳುವವರು.

ಒಂದು ಬುಧವಾರ ಡಾಕ್ಟರ್ ಬಾಯಿ ಅವ್ವನನ್ನು ಕೇಳಿದರು: "ಮಗಳು ಉಣ್ಣುವಾಗ ನೀವು ಏನು ಮಾಡ್ತಿರ್ತೀರಿ?" ರೊಟ್ಟಿ ಬಡಿಯುತ್ತಿರುತ್ತೇನೆ ಎಂದಳು ಅವ್ವ. "ನಿಮ್ಮ ಊಟ ಯಾವಾಗ?" ದೊಡ್ಡವ್ವ ಆ ಪ್ರಶ್ನೆಯನ್ನು ಕನ್ನಡದಲ್ಲಿ ಕೇಳಿದಾಗ ಅವ್ವ ಸೆರಗು ಬಾಯಿಗೆ ಹಿಡಿದು ನಕ್ಕಳು. ನಗುತ್ತ ನಗುತ್ತಲೇ ಕಣ್ಣೊರೆಸಿಕೊಂಡಳು. ಹುಟ್ಟಿದಾಗಿನಿಂದ ಯಾರೂ ಕೇಳದ ಪ್ರಶ್ನೆ ಅದು ಎಂದು ಕಾಣುತ್ತದೆ. ಮರುದಿನದಿಂದ ಒಂದು ಗಂಟೆಗೆ ಅವಳು ಹಂಚನ್ನು ಇಳಿಸಿ, ಹಿಟ್ಟಿನ ಕೈ ತೊಳೆದು, ನನ್ನೆದುರು ತಾಟು ಹಾಕಿಕೊಂಡು ಕೂಡುತ್ತಿದ್ದಳು. ಕಾಲು ತಾಸು, ಅಷ್ಟೇ. ಆಗ ಅವಳು ಊರಿನ ಸುದ್ದಿ, ಖಾನಾವಳಿಯ ಜಗಳ, ತನ್ನ ಮದುವೆಯಲ್ಲಿ ಹೋಳಿಗೆ ಸಾಲದೆ ಹೋದದ್ದು, ಏನೇನೋ ಹೇಳುತ್ತಿದ್ದಳು. ನನ್ನ ಅವ್ವ ಇಷ್ಟು ಮಾತಾಡಬಲ್ಲಳು, ಇಷ್ಟು ನಗಿಸಬಲ್ಲಳು ಎಂದು ನನಗೆ ತಿಳಿದದ್ದು ಆ ಕಾಲು ತಾಸುಗಳಲ್ಲಿ.

ಎಲ್ಲ ಒಮ್ಮೆಲೇ ಸರಿಹೋಯಿತು ಎಂದೇನಲ್ಲ. ಖಾನಾವಳಿಗೆ ಸೂಟಿ ಇದ್ದ ದಿನ, ಶಾಲೆಯಲ್ಲಿ ಯಾರಾದರೂ ಏನಾದರೂ ಅಂದ ದಿನ, ಮತ್ತೆ ಹಾಗೆಯೇ ಆಗುತ್ತಿತ್ತು. ಮೊದಲ ಸಲ ಅದನ್ನು ಹೇಳಲು ಹೆದರಿ ಬುಧವಾರ ಹೊಟ್ಟೆನೋವಿನ ನೆವ ಹೇಳಿ ಮನೆಯಲ್ಲೇ ಉಳಿದೆ. ಅವ್ವ ನನ್ನನ್ನು ಬಿಟ್ಟು ತಾನೊಬ್ಬಳೇ ದವಾಖಾನೆಗೆ ಹೋಗಿಬಂದಳು. "ಆಕಿ ಬಂದ ಹೇಳಿದ್ರ ಸಾಕು, ನಾ ಏನೂ ಅನ್ನಂಗಿಲ್ಲ ಅಂದ್ರು ಬಾಯಿ" ಎಂದಳು. ಮುಂದಿನ ವಾರ ಹೋಗಿ ಹೇಳಿದೆ. ಡಾಕ್ಟರ್ ಬಾಯಿ, "ಹೇಳಿದೆಯಲ್ಲ, ಒಳ್ಳೆಯದಾಯ್ತು. ಆ ದಿನ ಮುಂಜಾನೆಯಿಂದ ಏನೇನಾಯ್ತು ಹೇಳು" ಎಂದರು. ತಿಂದದ್ದರ ಬಗ್ಗೆ ಕೇಳಲೇ ಇಲ್ಲ, ಅದಕ್ಕೆ ಮೊದಲು ನಡೆದದ್ದನ್ನೆಲ್ಲ ಕೇಳಿದರು. ಹಾಗೆ ಹೇಳುತ್ತ ಹೇಳುತ್ತ, ಅದು ಬರುವ ಮೊದಲೇ ಬರುತ್ತಿದೆ ಎಂದು ಗುರುತಿಸುವುದನ್ನು ನಾನು ಕಲಿತೆ. ವಾರಕ್ಕೆ ನಾಲ್ಕೈದು ಸಲ ಇದ್ದದ್ದು ತಿಂಗಳಿಗೊಂದಾಯಿತು. ಏಳನೆಯ ತರಗತಿಗೆ ಬರುವ ಹೊತ್ತಿಗೆ, ಕೊನೆಯ ಸಲ ಯಾವಾಗ ಆಗಿತ್ತು ಎಂದು ಕೇಳಿದರೆ ನೆನಪು ಮಾಡಿಕೊಳ್ಳಬೇಕಾಗುತ್ತಿತ್ತು.

ನಾವು ಅಪ್ಪನಿಗೆ ಹತ್ತಿರವಾಗಲೆಂದು ನವಿ ಮುಂಬೈಗೆ ಖೋಲಿ ಬದಲಾಯಿಸಿದ ಮೇಲೆ ಬುಧವಾರಗಳು ನಿಂತವು. ಕೊನೆಯ ದಿನ ಅವ್ವ ದೊಡ್ಡವ್ವನಿಗೆ ಒಂದು ಕುಪ್ಪಸದ ಖಣ ಕೊಟ್ಟಳು. ಡಾಕ್ಟರ್ ಬಾಯಿಗೆ ಏನು ಕೊಡಬೇಕೆಂದು ತಿಳಿಯದೆ ಬಗ್ಗಿ ಕಾಲು ಮುಟ್ಟಲು ಹೋದಾಗ, ಅವರು ಅವಳ ಎರಡೂ ಕೈ ಹಿಡಿದು ನಿಲ್ಲಿಸಿ, ಇದನ್ನು ಮೊದಲು ಕಂಡವರು ನೀವು, ನಾನು ನಿಮ್ಮ ನಂತರ ಕಂಡೆ ಎಂದರು. ಆ ದಿನ ಆ ಮಾತನ್ನು ಕನ್ನಡಕ್ಕೆ ಮಾಡಿ ಅವ್ವನಿಗೆ ಹೇಳಿದವಳು ನಾನು. ಒಂದು ಅಕ್ಷರವನ್ನೂ ಬಿಡಲಿಲ್ಲ.

ಆಮೇಲಿನ ವರ್ಷಗಳಲ್ಲಿ ಆ ಕಾಯಿಲೆ ಒಮ್ಮೆ ಮರಳಿ ಬಂತು. ನನ್ನ ಮೊದಲ ಹೆರಿಗೆಯಾಗಿ ಮನೆಯಲ್ಲಿ ಮಗುವಿನೊಂದಿಗೆ ಒಬ್ಬಳೇ ಇರುತ್ತಿದ್ದ ದಿನಗಳಲ್ಲಿ. ಮೂರನೆಯ ದಿನಕ್ಕೇ ನನಗೆ ಇದು ಯಾವುದೆಂದು ಗೊತ್ತಾಯಿತು. ಮಗುವನ್ನು ಎತ್ತಿಕೊಂಡು ಠಾಣೆ ಶಹರದ ಒಬ್ಬ ಡಾಕ್ಟರರ ಬಳಿ ಹೋಗಿ, ಅವರು ಏನೂ ಕೇಳುವ ಮೊದಲೇ ಎಲ್ಲವನ್ನೂ ಹೇಳಿದೆ.